ಮರಿಕೋಣೆಗೆ ಎರಡನೇ ದೀಪ: ಹಾರ್ನ್ ರಿಲೇ, ಟ್ರ್ಯಾಕ್ಟರ್ ಬ್ಯಾಟರಿ ಮತ್ತು ನನ್ನ ತಪ್ಪುಗಳು

"ಏಳಪಾ, ಪಿಳ್ಳಿ ಸಪ್ಪಳನ ಇಲ್ಲ" ಅಂತ ಅವ್ವ ಬಾಗಿಲು ಬಡಿದಾಗ ಬೆಳಗಿನ ಜಾವ ನಾಲ್ಕೂವರೆ. ಎರಡರ ಸುಮಾರಿಗೆ ಕೋಳಿಮರಿಗಳು ಜೋರಾಗಿ ಒದರಿದ್ದು ನನಗೂ ಕೇಳಿತ್ತು. ಮೇವು ಮುಗಿದಿರಬೇಕು, ಎದ್ದ ಮೇಲೆ ಹಾಕಿದರಾಯಿತು ಅಂದುಕೊಂಡು ಮಗ್ಗಲು ಬದಲಿಸಿದ್ದೆ. ಹೋಗಿ ನೋಡಿದರೆ ಕರೆಂಟ್ ಇಲ್ಲ, ಕೋಣೆ ಕತ್ತಲು. ಮೊಬೈಲ್ ಬೆಳಕಿನಲ್ಲಿ ಕಂಡದ್ದು ಪ್ಲೈವುಡ್ ಪೆಟ್ಟಿಗೆಯ ಒಂದೇ ಮೂಲೆಗೆ 100 ಮರಿಯೂ ಒಂದೇ ಮುದ್ದೆಯಾಗಿ ಒತ್ತಿಕೊಂಡದ್ದು. ಮೇಲಿನವು ಕಣ್ಣು ಪಿಳುಕಿಸುತ್ತಿದ್ದವು. ಒಂದೊಂದೇ ಎತ್ತಿ ಪಕ್ಕಕ್ಕಿಟ್ಟೆ. ತಳದಲ್ಲಿ 17 ಸತ್ತಿದ್ದವು. ಬರೀ ಥಂಡಿಗೆ ಸತ್ತವಲ್ಲ ಅವು, ಬೆಚ್ಚಗಿನ ಜಾಗ ಹುಡುಕಿ ಒಂದರ ಮೇಲೊಂದು ಹತ್ತಿದ್ದಕ್ಕೆ ಉಸಿರುಗಟ್ಟಿ ಸತ್ತವು. ಮೂರು ದಿನದ ಮರಿ. ಎಳ್ಳ ಅಮಾವಾಸ್ಯೆಗೆ ಇನ್ನೂ ಎಂಟು ದಿನ ಇತ್ತು, ಹೊರಗೆ 13 ಡಿಗ್ರಿ.

ನಮ್ಮದು ಬ್ಯಾಡಗಿ ತಾಲೂಕಿನಲ್ಲಿ ಹೊಲದ ಮನೆ, ಲೈನಿನ ತುದಿಗೆ. ಮರಿ ಇಟ್ಟಿದ್ದು ಮೆಣಸಿನಕಾಯಿ ಚೀಲ ಒಟ್ಟುವ ಕೋಣೆಯಲ್ಲಿ. ನಾನೇನು ಐಟಿಐ ಓದಿದವನಲ್ಲ. ಬೋರ್‌ವೆಲ್ ಸ್ಟಾರ್ಟರ್ ಬಿಚ್ಚಿ ಜೋಡಿಸುವಷ್ಟು, ಟ್ರ್ಯಾಕ್ಟರ್ ವೈರಿಂಗ್ ಹುಡುಕುವಷ್ಟು ಬರುತ್ತದೆ. ಕಾವಿನ ಬಲ್ಬು ಕೈಕೊಟ್ಟರೆ ತಾನೇ ಹತ್ತುವ ಎರಡನೇ ದೀಪ, ಅಷ್ಟರಲ್ಲೇ ಮಾಡಿದ ಕೆಲಸ ಇದು. ಎರಡು ಸಲ ಕೆಟ್ಟು ಮೂರನೇ ಸಲ ಕೂತಿತು. ಕೆಟ್ಟದ್ದನ್ನೂ ಬರೆಯುತ್ತೇನೆ, ಯಾಕೆಂದರೆ ಮೊದಲನೆಯದನ್ನೇ ಮಾಡಿ ಬಿಟ್ಟವರು ನಮ್ಮ ಸುತ್ತ ಬಹಳ ಇದ್ದಾರೆ.

ಆ ಬೆಳಿಗ್ಗೆ ಮಾಡಿದ್ದು ಇಷ್ಟೇ. ಹಂಡೆಯ ಬಿಸಿನೀರನ್ನು ಖಾಲಿ ಬಾಟಲಿಗಳಿಗೆ ತುಂಬಿ, ಹಳೇ ಧೋತರದಲ್ಲಿ ಸುತ್ತಿ ಮರಿಗಳ ನಡುವೆ ಮಲಗಿಸಿದೆ. ಹತ್ತು ನಿಮಿಷಕ್ಕೆ ಬಾಟಲಿಗೆ ಬೆನ್ನು ಹಚ್ಚಿ ಕೂತವು. ಪಕ್ಕದ ಹೊಲದ ಕಾಕಾ ಬಂದು, "ಒಂದು ಶೆಗಡಿ ಇದ್ದಿಲು ತುಂಬಿ ಇಡೋ, ಎಲ್ಲಿ ಕರೆಂಟಿನ ಗೋಳು" ಅಂದರು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಹೊಗೆ ಇಲ್ಲ. ಮರಿಯಷ್ಟೇ ಅಲ್ಲ, ನೋಡಲು ಹೋದ ಮನುಷ್ಯನೂ ಬೀಳುತ್ತಾನೆ. ಅದಕ್ಕೆ ಶೆಗಡಿ ಬೇಡ ಅಂದೆ. ಪೆಟ್ಟಿಗೆಯನ್ನು ಮಾತ್ರ ಅವತ್ತೇ ಒಡೆದೆ. ಒಂದೂವರೆ ಅಡಿ ಎತ್ತರದ ತಗಡನ್ನು ಗುಂಡಗೆ ಬಾಗಿಸಿ ಕಟ್ಟಿ, ಒಳಗೆ ಹಾನಗಲ್ ಕಡೆಯ ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟನ್ನು ಮೂರು ಇಂಚು ಹರಡಿದೆ. ಗುಂಡಗಿದ್ದರೆ ಮೂಲೆ ಇರುವುದಿಲ್ಲ, ಮೂಲೆ ಇಲ್ಲದಿದ್ದರೆ ಹತ್ತಿ ಕೂರಲು ಜಾಗ ಸಿಗುವುದಿಲ್ಲ. ಇದು ಮೊದಲೇ ಗೊತ್ತಿದ್ದ ಮಾತು. ಪ್ಲೈವುಡ್ ಮನೆಯಲ್ಲಿ ಬಿದ್ದಿತ್ತು ಅಂತ ಪೆಟ್ಟಿಗೆ ಮಾಡಿದ್ದೆ.

ಕಾವಿನ ಲೆಕ್ಕ ಹೀಗೆ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಹತ್ತಿರ ಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಷ್ಟು ಇಳಿಸುತ್ತ ಹೋಗಬೇಕು. ಬಲ್ಬಿನ ಲೆಕ್ಕ ಮರಿಗೆ ಒಂದರಿಂದ ಎರಡು ವಾಟ್, ಚಳಿಗಾಲಕ್ಕೆ ಎರಡೇ ಹಿಡಿಯಬೇಕು. ನನ್ನದು 100 ವಾಟಿನ ಎರಡು ಹಳೇ ಮಾದರಿ ಬಲ್ಬು, ಎಲ್‌ಇಡಿ ಅಲ್ಲ, ಅದರಲ್ಲಿ ಕಾವು ಇರುವುದಿಲ್ಲ. ಮುಟ್ಟಿ ನೋಡಿದಾಗ ಪ್ಲಾಸ್ಟಿಕ್ ಹೋಲ್ಡರ್ ಆಗಲೇ ಕಂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿತ್ತು. ಕಿತ್ತು ಪಿಂಗಾಣಿಯ ಹೋಲ್ಡರ್ ಹಾಕಿದೆ. ವೈಯರಿನಲ್ಲಿ ಜೋತುಬಿಟ್ಟಿದ್ದ ಬಲ್ಬನ್ನು ಸರಪಳಿಗೆ ತೂಗಿಸಿದೆ. ಭತ್ತದ ಹೊಟ್ಟಿನ ಮೇಲೆ ಬಲ್ಬು ಬಿದ್ದರೆ ಮರಿ ಇರಲಿ, ಕೋಣೆಯೇ ಇರುವುದಿಲ್ಲ. ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್, ಹಾಕಿಸಿದೆ. ಸುತ್ತ ತಗಡು, ಒಳಗೆ ನೀರಿನ ತಟ್ಟೆ, ಮೇಲೆ 230 ವೋಲ್ಟ್. ಈ ಮೂರೂ ಒಂದೇ ಕಡೆ ಇರುವಾಗ ಅದಿಲ್ಲದೆ ಕೈ ಹಾಕಬಾರದು.

ಇನ್ನು ಎರಡನೇ ದೀಪ. ಇನ್ವರ್ಟರ್ ತಂದರೆ ಮುಗಿಯಿತಲ್ಲ ಅನ್ನಬಹುದು. ಇನ್ವರ್ಟರಿಗೆ ದುಡ್ಡು ಇರಲಿಲ್ಲ, ಟ್ರ್ಯಾಕ್ಟರಿನಲ್ಲಿ 12 ವೋಲ್ಟಿನ 88 ಆಂಪಿಯರ್-ಅವರ್ ಬ್ಯಾಟರಿ ಇತ್ತು. ಹೇಗೂ ರಾತ್ರಿ ಅದು ಅಂಗಳದಲ್ಲಿ ನಿಲ್ಲುತ್ತದೆ. ಕಿಟಕಿಯ ಪಕ್ಕ ತಂದು ನಿಲ್ಲಿಸಿ ಬ್ಯಾಟರಿಗೆ ಕ್ಲಿಪ್ ಹಚ್ಚಿದರೆ ಆಯಿತು. ಹಗಲು ಟ್ರ್ಯಾಕ್ಟರ್ ಓಡಿದಷ್ಟೂ ಬ್ಯಾಟರಿ ತಾನೇ ಚಾರ್ಜ್ ಆಗುತ್ತದೆ. ಕರೆಂಟ್ ದಿನಗಟ್ಟಲೆ ಬರದಿದ್ದರೂ ಎಂಜಿನ್ ಚಾಲೂ ಮಾಡಿ ಬಿಡಬಹುದು. ಬ್ಯಾಟರಿ ಹೊರಗಿರುವುದರಿಂದ ಚಾರ್ಜ್ ಆಗುವಾಗ ಏಳುವ ಹೈಡ್ರೋಜನ್ನಿನ ಚಿಂತೆಯೂ ಇಲ್ಲ.

ಹಾವೇರಿಯಲ್ಲಿ ಪಿ.ಬಿ. ರೋಡಿನ ಗುಜರಿಯಿಂದ ಎರಡು ದುಂಡನೆಯ ಹೆಡ್‌ಲೈಟ್ ತಂದೆ. ಅವುಗಳಿಗೆ ಎಚ್4 ಹ್ಯಾಲೊಜೆನ್ ಬಲ್ಬು, 60/55 ವಾಟಿನವು, ಹೊಸವು. ಈ ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬಾರದು. ಬೆರಳಿನ ಎಣ್ಣೆ ಅಂಟಿದ ಕಡೆ ಗಾಜು ಹೆಚ್ಚು ಕಾದು ಬೇಗ ಹೋಗುತ್ತದೆ, ಬಟ್ಟೆಯಲ್ಲಿ ಹಿಡಿದೇ ಕೂರಿಸಬೇಕು. ಜತೆಗೆ ಐದು ಪಿನ್ನಿನ ಹಾರ್ನ್ ರಿಲೇ (ಸುರುಳಿಗೆ ಕರೆಂಟ್ ಕೊಟ್ಟರೆ ಎಳೆದುಕೊಳ್ಳುವ ಸ್ವಿಚ್) ಒಂದು, ಟಿವಿ ಡಬ್ಬಿಯದೋ ಯಾವುದೋ 12 ವೋಲ್ಟ್ ಅಡಾಪ್ಟರ್ ಒಂದು ಮನೆಯಲ್ಲೇ ಸಿಕ್ಕಿತು.

ಮೊದಲ ಜೋಡಣೆ ಬಹಳ ಸುಲಭ. ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಹಾಕಿ, ಅದರ 12 ವೋಲ್ಟನ್ನು ರಿಲೇಯ ಸುರುಳಿಯ ಪಿನ್ನುಗಳಾದ 85, 86ಕ್ಕೆ ಕೊಟ್ಟೆ. ಬ್ಯಾಟರಿಯ ಪ್ಲಸ್ 30ನೇ ಪಿನ್ನಿಗೆ, 87ಎ ಪಿನ್ನಿನಿಂದ ದೀಪಕ್ಕೆ. ಕರೆಂಟ್ ಇರುವಷ್ಟು ಹೊತ್ತು ರಿಲೇ ಎಳೆದು ಹಿಡಿದಿರುತ್ತದೆ, 87ಎ ತೆರೆದಿರುತ್ತದೆ. ಕರೆಂಟ್ ಹೋದರೆ ರಿಲೇ ಬಿಡುತ್ತದೆ, 87ಎ ಕೂಡುತ್ತದೆ, ದೀಪ ಹತ್ತುತ್ತದೆ. ಮೇನ್ ಸ್ವಿಚ್ ಇಳಿಸಿ ನೋಡಿದೆ. ಒಂದು ಕ್ಷಣ ಕತ್ತಲು, ಆಮೇಲೆ ಟಕ್ ಅಂತ ಸದ್ದು, ಕೋಣೆ ತುಂಬ ಬೆಳಕು. ಹೆಂಡತಿಯನ್ನು, ಅವ್ವನನ್ನು ಕರೆದು ಮೂರು ಸಲ ಇಳಿಸಿ ಏರಿಸಿ ತೋರಿಸಿದೆ.

ಆದರೆ ಕೈ ಒಡ್ಡಿದರೆ ದೀಪದ ಕೆಳಗೆ ಅಂದುಕೊಂಡಷ್ಟು ಕಾವಿಲ್ಲ. ಮಲ್ಟಿಮೀಟರ್ ಇಟ್ಟೆ. ಬ್ಯಾಟರಿ ತುದಿಯಲ್ಲಿ 12.1 ವೋಲ್ಟ್, ದೀಪದ ತುದಿಯಲ್ಲಿ 10.2. ಸುಮಾರು ಎರಡು ವೋಲ್ಟ್ ದಾರಿಯಲ್ಲೇ ಖರ್ಚು! ಕೈಗೆ ಸಿಕ್ಕಿತು ಅಂತ 1 ಚದರ ಮಿಲಿಮೀಟರಿನ ವೈಯರ್ ಎಳೆದಿದ್ದೆ. ಟ್ರ್ಯಾಕ್ಟರಿನಿಂದ ದೀಪಕ್ಕೆ 6 ಮೀಟರ್, ಹೋಗಿ ಬರಲು 12. ಮನೆಯ 230 ವೋಲ್ಟಿನಲ್ಲಿ 100 ವಾಟ್ ಅಂದರೆ ಅರ್ಧ ಆಂಪಿಯರಿಗೂ ಕಡಿಮೆ, ಕೂದಲಿನಂಥ ವೈಯರೂ ನಡೆಯುತ್ತದೆ. ಅದೇ 12 ವೋಲ್ಟಿನಲ್ಲಿ 110 ವಾಟ್ ಅಂದರೆ 9 ಆಂಪಿಯರ್. ಆ ಒಂಬತ್ತು ಆಂಪಿಯರಿಗೆ ಎರಡು ವೋಲ್ಟ್ ತಿಂದುಹಾಕಿದ ವೈಯರ್ ಬೆಚ್ಚಗಾಗಿತ್ತು, ಮರಿಗೆ ಹೋಗಬೇಕಾದ ಕಾವು ಅಂಗಳದಲ್ಲಿ ಚೆಲ್ಲುತ್ತಿತ್ತು. 4 ಚದರ ಮಿಲಿಮೀಟರಿನದು ತಂದು ಬದಲಿಸಿದ ಮೇಲೆ ದೀಪದ ತುದಿಯಲ್ಲಿ 11.6 ಬಂತು. ಈ ಇಡೀ ಕೆಲಸದಲ್ಲಿ ದುಬಾರಿ ಅಂದರೆ ಆ ವೈಯರೇ. ಬ್ಯಾಟರಿಯ ಪ್ಲಸ್ ಕ್ಲಿಪ್ಪಿನಿಂದ ಒಂದು ಗೇಣಿನೊಳಗೆ 15 ಆಂಪಿನ ಫ್ಯೂಸ್ ಹಾಕಿದೆ. ಟ್ರ್ಯಾಕ್ಟರ್ ಬ್ಯಾಟರಿ ಶಾರ್ಟ್ ಆದರೆ ಸ್ಪ್ಯಾನರ್ ಕರಗುವುದನ್ನು ನೋಡಿದವನು ನಾನು.

ಇನ್ನೊಂದು ವಿಚಿತ್ರ ಕಂಡಿತು. ದೀಪ ಹತ್ತಿಸಿ ಮೇನ್ ಬಲ್ಬು ಆರಿಸಿ ಕಾಲು ತಾಸು ಕೂತು ನೋಡಿದೆ. ಮರಿಗಳೆಲ್ಲ ದೀಪದ ಕೆಳಗೆ ದುಂಡಗೆ ಕೂರುವ ಬದಲು ಅರ್ಧಚಂದ್ರದ ಹಾಗೆ ಕೂತಿದ್ದವು. ಉಳಿದ ಅರ್ಧದಲ್ಲಿ ಒಂದೂ ಇಲ್ಲ. ಗಾಳಿ ಬೀಸುತ್ತಿರಬೇಕೆಂದು ಕಿಟಕಿ ಸಂದಿಗೆ ಗೋಣಿಚೀಲ ತುರುಕಿದೆ. ಆದರೂ ಅದೇ ಅರ್ಧಚಂದ್ರ. ಆಮೇಲೆ ಬಲ್ಬು ಕಳಚಿ ಬೆಳಕಿಗೆ ಹಿಡಿದಾಗ ಗೊತ್ತಾಯಿತು. ನಾನು ಜೋಡಿಸಿದ್ದು ಡಿಪ್ಪರ್ ತಂತಿ. ಎದುರಿನ ಗಾಡಿಯವನ ಕಣ್ಣಿಗೆ ಹೊಡೆಯಬಾರದೆಂದು ಎಚ್4 ಬಲ್ಬಿನಲ್ಲಿ ಡಿಪ್ಪರ್ ಎಳೆಯ ಕೆಳಗೆ ಚಮಚದಂಥ ಒಂದು ಪುಟ್ಟ ತಗಡು ಇರುತ್ತದೆ. ಅದು ರಿಫ್ಲೆಕ್ಟರಿನ ಅರ್ಧಕ್ಕೆ ಬೆಳಕು ಬೀಳದಂತೆ ತಡೆಯುತ್ತದೆ. ರಸ್ತೆಗೆ ಸರಿ, ಮರಿಗೆ ತಪ್ಪು. ಪಿನ್ ಬದಲಿಸಿ ಅಪ್ಪರ್‌ಗೆ ಹಾಕಿದೆ, 55ರ ಬದಲು 60 ವಾಟ್. ದುಂಡನೆಯ ಕಾವು ಬಂತು, ಆದರೆ ನಡುವೆ ಚುರುಕು ಜಾಸ್ತಿ, ಮರಿಗಳು ನಡುಭಾಗ ಬಿಟ್ಟು ಬಳೆಯ ಹಾಗೆ ಸುತ್ತ ಕೂತವು. ದೀಪಗಳನ್ನು 14 ಇಂಚಿನಿಂದ 20 ಇಂಚಿಗೆ ಏರಿಸಿ, ಒಂದರ ಬೆಳಕು ಇನ್ನೊಂದರ ಮೇಲೆ ಪೂರ್ತಿ ಬೀಳದಂತೆ ಕೊಂಚ ವಾರೆ ಮಾಡಿದೆ. ಆಗ ಹರಡಿ ಕೂತವು. ಥರ್ಮಾಮೀಟರ್ ಏನೇ ಹೇಳಲಿ, ಕೊನೆಯ ಮಾತು ಮರಿಯದು. ಗುಂಪುಗೂಡಿದರೆ ಥಂಡಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಒಂದೇ ಮಗ್ಗುಲಿಗೆ ಸರಿದರೆ ಗಾಳಿ ಅಥವಾ ನನ್ನಂಥವನ ವೈರಿಂಗ್.

ನಾಲ್ಕು ರಾತ್ರಿ ಎಲ್ಲ ಸರಿಯಿತ್ತು. ಐದನೇ ರಾತ್ರಿ ಮೆಣಸಿನಗಿಡಕ್ಕೆ ನೀರು ಹಾಯಿಸುವ ಪಾಳಿ. ಒಂದು ಗಂಟೆಗೆ ತ್ರೀ ಫೇಸ್ ಬಂತು, ಪಂಪ್ ಚಾಲೂ ಮಾಡಿ ಬರುವಾಗ ಮರಿಗಳು ಒದರುವುದು ಕೇಳಿತು. ಈ ಸಲ ಮಗ್ಗಲು ಬದಲಿಸಲಿಲ್ಲ. ಒಳಗೆ ಹೋದರೆ ಬಲ್ಬುಗಳು ಹತ್ತಿವೆ, ಆದರೆ ಮೋಂಬತ್ತಿಯ ಹಾಗೆ ಕೆಂಪಗೆ. ಮೀಟರ್ ಇಟ್ಟರೆ 145 ವೋಲ್ಟ್. ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಎದ್ದಿದ್ದವು, ಅದರಲ್ಲಿ ಒಂದು ಈಗಷ್ಟೇ ನಾನೇ ಎಬ್ಬಿಸಿ ಬಂದದ್ದು. ಆ ವೋಲ್ಟೇಜಿಗೆ 200 ವಾಟಿನ ಬಲ್ಬುಗಳು ಕೊಡುವುದು ಅರ್ಧದಷ್ಟು ಕಾವು. ನನ್ನ ರಿಲೇ ಏನು ಮಾಡುತ್ತಿತ್ತು? ಗಟ್ಟಿಯಾಗಿ ಎಳೆದು ಹಿಡಿದು ಕೂತಿತ್ತು. ಅಡಾಪ್ಟರ್ ತಿರುವಿ ನೋಡಿದೆ, ಬೆನ್ನ ಮೇಲೇ ಬರೆದಿದೆ: 100ರಿಂದ 240 ವೋಲ್ಟ್. ಅದರ ಪಾಲಿಗೆ ಕರೆಂಟ್ ಬೇಕಾದಷ್ಟಿತ್ತು.

ಗುಂಡನೆಯ ತಗಡಿನ ದೆಸೆಯಿಂದ ಒಂದೂ ಸಾಯಲಿಲ್ಲ. ರಿಲೇಯ ವೈಯರ್ ಕಿತ್ತು ದೀಪ ಹತ್ತಿಸಿ, ಅಲ್ಲೇ ಚೀಲದ ಮೇಲೆ ಕೂತು ಲೆಕ್ಕ ಹಾಕಿದೆ. ಡಿಮ್ ಆದರೆ ಈ ರಿಲೇಗೆ ತಿಳಿಯುವುದಿಲ್ಲ. ಬಲ್ಬಿನ ಎಳೆ ತುಂಡಾದರೆ? ತಿಳಿಯುವುದಿಲ್ಲ. ಬಲ್ಬಿನ ಬೋರ್ಡಿನ ಆರ್‌ಸಿಸಿಬಿ ಬಿದ್ದರೆ? ಅಡಾಪ್ಟರ್ ಬೇರೆ ಪ್ಲಗ್ಗಿನಲ್ಲಿದೆ, ತಿಳಿಯುವುದಿಲ್ಲ. ಹೋಲ್ಡರ್ ಸಡಿಲಾದರೆ, ಯಾರೋ ಕಸ ಹೊಡೆಯುವಾಗ ಸ್ವಿಚ್ ಆರಿಸಿದರೆ, ಯಾವುದೂ ತಿಳಿಯುವುದಿಲ್ಲ. "ಕರೆಂಟ್ ಇದೆಯಾ?" ಅನ್ನುವುದೊಂದನ್ನೇ ಅದು ಕೇಳುತ್ತಿತ್ತು. ಮರಿಗೆ ಕರೆಂಟ್ ಬೇಕಾಗಿಲ್ಲ, ಕಾವು ಬೇಕು. ಹಾಗಾದರೆ ಕಾವನ್ನೇ ಅಳೆದು ದೀಪ ಹತ್ತಿಸಬೇಕು, ಅಳೆಯುವ ಯಂತ್ರವೂ ಬ್ಯಾಟರಿಯ ಮೇಲೇ ಬದುಕಬೇಕು.

ಹುಬ್ಬಳ್ಳಿಗೆ ಬೇರೆ ಕೆಲಸಕ್ಕೆ ಹೋದಾಗ ಕೊಪ್ಪಿಕರ್ ರಸ್ತೆ ಕಡೆ ತಿರುಗಿ, ಡಬ್ಲ್ಯು1209 ಅನ್ನುವ ಪುಟ್ಟ ಥರ್ಮೋಸ್ಟ್ಯಾಟ್ ಬೋರ್ಡ್ ತಂದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, 12 ವೋಲ್ಟಿನಲ್ಲಿ ನಡೆಯುತ್ತದೆ, ಕೆಂಪು ಅಂಕಿ, ಮೂರು ಗುಂಡಿ, ಉದ್ದ ವೈಯರಿನ ತುದಿಗೆ ಉಷ್ಣತೆ ಅಳೆಯುವ ಮೊಳೆ. ಬೋರ್ಡಿನ ಮೇಲೊಂದು ರಿಲೇ ಇದೆ, ಆದರೆ ಅದರ ಮೂಲಕವೇ 10 ಆಂಪಿಯರ್ ತಾಸುಗಟ್ಟಲೆ ಹರಿಸಲು ನನಗೆ ಧೈರ್ಯ ಬರಲಿಲ್ಲ. ಅದು ಹಾರ್ನ್ ರಿಲೇಯನ್ನು ಎಬ್ಬಿಸಲಿ, ಭಾರ ಹೊರುವುದು ಹಾರ್ನ್ ರಿಲೇ.

ಎರಡನೇ ಜೋಡಣೆ ಹೀಗೆ. ಫ್ಯೂಸ್ ದಾಟಿದ ಪ್ಲಸ್ ಹಾರ್ನ್ ರಿಲೇಯ 30ಕ್ಕೆ, ಈ ಸಲ 87ಎ ಬಿಟ್ಟು, ರಿಲೇ ಎಳೆದಾಗ ಕೂಡುವ 87ರಿಂದ ದೀಪಗಳಿಗೆ. ಬೋರ್ಡಿನ ಚಿಕ್ಕ ರಿಲೇಯ ಎರಡು ತುದಿ ಕೆ0, ಕೆ1. ಕೆ0ಗೆ ಪ್ಲಸ್, ಕೆ1ರಿಂದ ಹಾರ್ನ್ ರಿಲೇಯ 86ಕ್ಕೆ, 85 ಮೈನಸ್‌ಗೆ. 85, 86ರ ನಡುವೆ ಒಂದು 1ಎನ್4007 ಡಯೋಡ್, ಬೆಳ್ಳಿಪಟ್ಟಿ ಪ್ಲಸ್ ಕಡೆ. ರಿಲೇಯ ಸುರುಳಿ ಬಿಡುವಾಗ ಒದೆಯುವ ವೋಲ್ಟೇಜಿಗೆ ಚಿಕ್ಕ ರಿಲೇಯ ಮುಖ ಸುಡಬಾರದು. ಕೆ0, ಕೆ1 ನಡುವೆ ಒಂದು ಸ್ವಿಚ್ಚನ್ನೂ ಹಾಕಿದೆ, ಬೋರ್ಡ್ ಕೆಟ್ಟರೆ ಕೈಯಿಂದ ಹತ್ತಿಸಲು. ದೀಪದ ತುದಿಗೇ ಸೇರಿಸಿ ಟ್ರಕ್ಕಿನ ರಿವರ್ಸ್ ಬಜರ್ ಒಂದನ್ನು ಮನೆ ಕಡೆ ಮುಖ ಮಾಡಿ ಕಟ್ಟಿದೆ. ದೀಪ ಹತ್ತಿದರೆ ಅದು ಕೂಗುತ್ತದೆ. ಎದ್ದು ನೋಡಿ ಬಜರಿನ ಸ್ವಿಚ್ ಒತ್ತುವವರೆಗೆ ಬಿಡುವುದಿಲ್ಲ. ಎರಡನೇ ದೀಪ ನಾಲ್ಕು ತಾಸು ಸಮಯ ಕೊಡಬಹುದು, ಯಾಕೆ ಕಾವು ಇಳಿಯಿತು ಅಂತ ಹುಡುಕಬೇಕಾದವನು ಮಲಗಿರಬಾರದು.

ಬೋರ್ಡನ್ನು ನೇರ ನಂಬಲಿಲ್ಲ. ಬ್ಯಾಡಗಿಯ ಲಸ್ಸಿ ಅಂಗಡಿಯಿಂದ ಮಂಜುಗಡ್ಡೆ ತಂದು, ಕುಟ್ಟಿ, ಸ್ವಲ್ಪ ನೀರು ಹಾಕಿ ಮೊಳೆಯನ್ನು ಅದ್ದಿದೆ. 0 ತೋರಿಸಬೇಕು, 0.8 ತೋರಿಸಿತು. ಅಂಕಿ ತಿದ್ದುವ ಪಿ4 ಸೆಟ್ಟಿಂಗಿನಲ್ಲಿ ಅಷ್ಟು ಕಳೆದೆ. ಜ್ವರ ನೋಡುವ ಥರ್ಮಾಮೀಟರಿನಿಂದ ಹೋಲಿಸಲು ಹೋಗಬೇಡಿ, ಅದರ ಅಂಕಿ ಶುರುವಾಗುವುದೇ 35ರ ಆಸುಪಾಸಿನಲ್ಲಿ. ಆಮೇಲೆ ತಂಬಿಗೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತುವುದು, ಆರುವುದು ನೋಡಿದರೆ ಎಲ್ಲ ಉಲ್ಟಾ! ನೀರು ಬಿಸಿಯಾದಾಗ ದೀಪ ಹತ್ತುತ್ತದೆ, ತಣ್ಣಗಾದಾಗ ಆರುತ್ತದೆ. ಬೋರ್ಡ್ ಅಂಗಡಿಯಿಂದ ಬರುವುದೇ ತಂಪು ಮಾಡುವ ಕೆಲಸಕ್ಕೆ. ಸೆಟ್ ಗುಂಡಿಯನ್ನು ಐದು ಸೆಕೆಂಡ್ ಒತ್ತಿ ಹಿಡಿದು ಪಿ0 ಸೆಟ್ಟಿಂಗನ್ನು ತಂಪಿನ 'ಸಿ'ಯಿಂದ ಕಾವಿನ 'ಎಚ್'ಗೆ ತಂದೆ. ತಂಬಿಗೆಯಲ್ಲಿ ಪರೀಕ್ಷಿಸದೆ ನೇರ ಕಟ್ಟಿದ್ದರೆ ಏನಾಗುತ್ತಿತ್ತು ಅನ್ನುವುದು ಬೇಡ.

ಮರಿಗಳಿಗೆ ಆಗ 11 ದಿನ, ಮೇನ್ ಬಲ್ಬು 32 ಡಿಗ್ರಿ ಹಿಡಿಯುವಂತೆ ತೂಗಿಸಿತ್ತು. ಬೋರ್ಡನ್ನು 29ಕ್ಕಿಟ್ಟು ಪಿ1ರಲ್ಲಿ ಅಂತರ 2 ಕೊಟ್ಟೆ. 27ಕ್ಕೆ ಇಳಿದರೆ ದೀಪ ಹತ್ತಬೇಕು, 29ಕ್ಕೆ ಏರಿದರೆ ಆರಬೇಕು. ಮೇನ್ ಬಲ್ಬು ಸರಿ ಇದ್ದರೆ ಇದು ಏಳಲೇಬಾರದು. ಮೊಳೆಯ ಜಾಗ ಮುಖ್ಯ. ಬಲ್ಬಿನ ನೆತ್ತಿಯ ಕೆಳಗಲ್ಲ, ಕಾವಿನ ವೃತ್ತದ ಅಂಚಿನಲ್ಲಿ, ಹೊಟ್ಟಿನಿಂದ ಎರಡು ಇಂಚು ಮೇಲೆ. ಮೊದಲ ದಿನವೇ ಮರಿಗಳು ಅದನ್ನು ಕುಕ್ಕಿ ಹೊಟ್ಟಿನೊಳಗೆ ಬೀಳಿಸಿದವು. ಹೊಟ್ಟಿನೊಳಗೆ ಇದ್ದರೆ ಅದು ಬೆಚ್ಚಗೇ ಇರುತ್ತದೆ, ಮೇಲೆ ಏನಾದರೂ ಆಗಲಿ. ಒಂದು ತುಂಡು ಪಿವಿಸಿ ಪೈಪಿಗೆ ಸುತ್ತ ತೂತು ಕೊರೆದು, ಒಳಗೆ ಮೊಳೆ ಇಟ್ಟು, ತಗಡಿಗೆ ತಂತಿಯಿಂದ ಬಿಗಿದೆ. ಬೋರ್ಡಿಗೆ ಮಗಳ ಹಳೇ ಟಿಫಿನ್ ಡಬ್ಬಿ. ಮುಚ್ಚಳ ಪಾರದರ್ಶಕ, ಅಂಕಿ ಅಡುಗೆಮನೆ ಕಿಟಕಿಯಿಂದ ಕಾಣುತ್ತದೆ. ಇದರಿಂದ ಒಂದು ಲಾಭ ಆಯಿತು. ಸಂಜೆ ಟ್ರ್ಯಾಕ್ಟರ್ ತಂದು ನಿಲ್ಲಿಸಿ ಕ್ಲಿಪ್ ಹಚ್ಚಲು ಮರೆತರೆ ಅಂಕಿ ಹತ್ತುವುದಿಲ್ಲ. "ಕೆಂಪಂದು ಕಾಣವಲ್ದು, ಬ್ಯಾಟ್ರಿ ಹಚ್ಚಿಲ್ಲೇನ?" ಅಂತ ಅವ್ವ ರೊಟ್ಟಿ ಬಡಿಯುತ್ತಲೇ ಕೂಗುತ್ತಿದ್ದಳು. ಎರಡು ಸಲ ಹಾಗೇ ಸಿಕ್ಕಿಬಿದ್ದೆ.

ಪರೀಕ್ಷೆಗೆ ಒಂದು ರಾತ್ರಿ ಬೇಕೆಂದೇ ಒಂದು ಬಲ್ಬು ಆರಿಸಿ ಮಲಗಿದೆ. ನಲವತ್ತು ನಿಮಿಷಕ್ಕೆ ಬಜರ್ ಕೂಗಿತು. ಕರೆಂಟ್ ಇತ್ತು, ಅಡಾಪ್ಟರ್ ಕಾಲದ ರಿಲೇ ಆಗಿದ್ದರೆ ಮಲಗಿಯೇ ಇರುತ್ತಿತ್ತು.

ನಿಜವಾದ ಪರೀಕ್ಷೆ ಬಂದದ್ದು 16ನೇ ದಿನಕ್ಕೆ, ಬೋರ್ಡನ್ನು ಇನ್ನೂ 3 ಡಿಗ್ರಿ ಇಳಿಸಿದ್ದೆ. ರಾತ್ರಿ 11.50ಕ್ಕೆ ಕರೆಂಟ್ ಹೋಯಿತು, 12.20ಕ್ಕೆ ಬಜರ್. ತಗಡಿನ ಅರ್ಧಕ್ಕೆ ಗೋಣಿಚೀಲ ಹೊದಿಸಿದೆ, ಅರ್ಧ ಗಾಳಿಗೆ ಬಿಟ್ಟೆ. ದೀಪಗಳು ಮೊದಲು ಬಿಡದೆ ಉರಿದವು, ಚೀಲ ಹೊದಿಸಿದ ಮೇಲೆ ಆರುತ್ತ ಹತ್ತುತ್ತ ನಡೆದವು. ಕರೆಂಟ್ ಬಂದದ್ದು 3 ಗಂಟೆಗೆ. ಬ್ಯಾಟರಿ 12.3 ವೋಲ್ಟ್ ತೋರಿಸಿತು. ಬೆಳಿಗ್ಗೆ ಟ್ರ್ಯಾಕ್ಟರ್ ಕೀ ತಿರುಗಿಸಿದಾಗ ಸ್ವಲ್ಪ ಗೊಣಗಿ ಚಾಲೂ ಆಯಿತು. 83 ಮರಿ ಎಣಿಸಿದೆ, 83 ಇದ್ದವು.

ಮರಿಗಳು ಈಗ ಹೊರಗಿನ ಶೆಡ್ಡಿಗೆ ಹೋಗಿವೆ. ಕೋಣೆಯಲ್ಲಿ ಮೆಣಸಿನಕಾಯಿ ಬಂದು ಬಿದ್ದಿದೆ. ಹೊಟ್ಟು ತೆಗೆದು, ತಗಡು ಸುತ್ತಿಟ್ಟು, ಹೆಡ್‌ಲೈಟ್ ಇಳಿಸಲು ಏಣಿ ಹತ್ತಿದರೆ ಅವ್ವ ತಡೆದಳು. ಸಂಜೆ ಹೆಂಗಸರು ತೊಟ್ಟು ಬಿಡಿಸಲು ಕೂರುವಾಗ ಕರೆಂಟ್ ಹೋದರೆ ಬೆಳಕು ಬೇಕಂತೆ. ಬಜರಿನ ವೈಯರ್ ಅಷ್ಟು ಕಿತ್ತು, ಕೈಯಿಂದ ಹತ್ತಿಸುವ ಸ್ವಿಚ್ ಹಾಗೇ ಬಿಟ್ಟಿದ್ದೇನೆ.